ಬಾಟಲಿಯೊಳಗಿನ ಸೀವೀಡ್ ಯಾವ ಸಮುದ್ರದ್ದು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಆರು ಎಕರೆ ರೋಬಸ್ಟಾ ತೋಟ. ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ, ಗದ್ದೆಯಲ್ಲಿ ಒಂದಿಷ್ಟು ಶುಂಠಿ ಇದೆ. ಗೊಬ್ಬರದ ಅಂಗಡಿಯವರು ಎರಡು ವರ್ಷದಿಂದ 'ಸೀವೀಡ್ ಹೊಡೀರಿ, ಕಾಯಿ ಉದುರಲ್ಲ' ಅಂತ ಹೇಳ್ತಿದ್ದಾರೆ. ಒಂದು ಲೀಟರ್ ತಂದು ನೋಡಿದೆ. ಕಪ್ಪಗಿದೆ, ಮೀನು ಮಾರ್ಕೆಟ್ಟಿನ ವಾಸನೆ. ಇದು ನಿಜವಾಗಿ ಸಮುದ್ರದ ಗಿಡವಾ? ಎಲ್ಲಿಂದ ಬರುತ್ತೆ? ಘಾಟಿ ಇಳಿದರೆ ಸಮುದ್ರ, ಅಲ್ಲಿಂದಲೇ ಒಂದು ಲೋಡ್ ತಂದು ತೋಟಕ್ಕೆ ಹಾಕಿದರೆ ಆಗಲ್ವಾ? ಉಪ್ಪಿಗೆ ಮಣ್ಣು ಕೆಡುತ್ತಾ? ಏಳನೇ ಕ್ಲಾಸಿನ ಮಗ 'ಐಸ್‌ಕ್ರೀಮಲ್ಲೂ ಇದೇ ಇರುತ್ತೆ' ಅಂತಾನೆ. ಹೌದಾ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಅಂಗಡಿಯವರು ಹೇಳಿದ್ದು ಕಾಲು ಭಾಗ ಸರಿ. ಲೋಡ್ ತರುವ ಯೋಚನೆ ಬಿಟ್ಟುಬಿಡಿ. ಅವಸರ ಇದ್ದವರಿಗೆ ಇಷ್ಟು ಸಾಕು. ನಿಮಗೆ ಪುರುಸೊತ್ತಿದ್ದರೆ ಮುಂದೆ ಓದಿ. ಈ ವಿಷಯ ಬಂದರೆ ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ. ಹಾಸನದಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿಕೊಂಡಿದ್ದ ಕಾಲದಲ್ಲಿ ಪ್ರತಿ ಡಿಸೆಂಬರಿಗೆ ಹುಡುಗರನ್ನು ಮೆಟಡೋರ್‌ನಲ್ಲಿ ತುಂಬಿಕೊಂಡು ಶಿರಾಡಿ ಇಳಿಯುತ್ತಿದ್ದೆ. ಬಂಡೆ ಮೇಲಿನ ಪಾಚಿ ನೋಡಲು ಇಷ್ಟು ದೂರ ಬರಬೇಕಾ ಸಾರ್ ಅಂತ ಹುಡುಗರು ಗೊಣಗುತ್ತಿದ್ದರು.

ಪಾಚಿ ಅನ್ನುವ ಮಾತು ತಪ್ಪೇನಲ್ಲ. ಮಳೆಗಾಲದಲ್ಲಿ ನಿಮ್ಮ ಕಾಫಿ ಕಣದ ಸಿಮೆಂಟಿನ ಮೇಲೆ ಜಾರು ಹಾವಸೆ ಕಟ್ಟುತ್ತದಲ್ಲ, ಸೀವೀಡ್ ಅದರ ದೊಡ್ಡ ನೆಂಟ. ಕನ್ನಡದಲ್ಲಿ ಕಡಲಕಳೆ ಅಂತ ಬರೆಯುತ್ತಾರೆ. ಕಳೆ ಅನ್ನುವ ಹೆಸರು ಇಂಗ್ಲಿಷಿನವರ ಉಡಾಫೆಯಿಂದ ಬಂದದ್ದು. ನನಗೆ ಕಡಲಪಾಚಿ ಅನ್ನುವುದೇ ಇಷ್ಟ. ಇನ್ನೂ ಹತ್ತಿರದ ನೆಂಟ ನಿಮ್ಮ ತೋಟದೊಳಗೇ ಇದೆ. ಸಿಲ್ವರ್ ಮರದ ಕಾಂಡದ ಮೇಲೆ, ಮಳೆ ಹೊಡೆಯುವ ಮಗ್ಗುಲಲ್ಲಿ, ಕಿತ್ತಳೆ ಬಣ್ಣದ ವೆಲ್ವೆಟ್ ಹಾಗೆ ಏನೋ ಹಬ್ಬಿರುತ್ತದೆ. ಅದನ್ನು ಬೂಸ್ಟು ಅಂದುಕೊಳ್ಳುವವರೇ ಜಾಸ್ತಿ. ಅದು ಟ್ರೆಂಟಿಪೋಲಿಯಾ ಅನ್ನುವ ಪಾಚಿ. ಬಣ್ಣ ಕಿತ್ತಳೆಯಾದರೂ ಕುಲದಲ್ಲಿ ಹಸಿರು ಪಾಚಿ. ಮಂಗಳೂರಿನ ಬಂಡೆಗಳ ಮೇಲೆ ಲೆಟಿಸ್ ಎಲೆಯಂತೆ ಹರಡುವ 'ಅಲ್ವಾ' ಅನ್ನುವ ಪಾಚಿ ಕೂಡ ಅದೇ ವರ್ಗಕ್ಕೆ ಸೇರಿದ್ದು. ಒಂದು ಸಮುದ್ರದಲ್ಲಿ ಉಳಿಯಿತು, ಇನ್ನೊಂದು ಮರ ಹತ್ತಿತು.

ಈ ಪಾಚಿಗಳಿಗೆ ಬೇರಿಲ್ಲ. ಹೂವಿಲ್ಲ, ಬೀಜವಿಲ್ಲ. ಬೇರಿನ ಹಾಗೆ ಕಾಣುವುದು ಬಂಡೆಗೆ ಕಚ್ಚಿಕೊಳ್ಳುವ ಹಿಡಿಕೆ ಅಷ್ಟೇ. ಅದರಿಂದ ಊಟ ಬರುವುದಿಲ್ಲ. ಇಡೀ ಮೈಯಿಂದಲೇ ಸಮುದ್ರದ ನೀರಿನ ಪೋಷಕಾಂಶ ಹೀರುತ್ತವೆ. ಹಾಗೆಯೇ ಕಡಲಹುಲ್ಲು ಅಂತ ಇನ್ನೊಂದಿದೆ. ಅದು ಬೇರೂ ಹೂವೂ ಇರುವ ನಿಜವಾದ ಗಿಡ. ಪೇಪರಿನಲ್ಲಿ ಎರಡನ್ನೂ ಕಲಸಿ ಬರೆಯುವುದನ್ನು ನೋಡಿದ್ದೇನೆ.

ಈಗ ಮುಖ್ಯ ಮಾತು. 'ಸೀವೀಡ್' ಅನ್ನುವುದು ಒಂದು ಗಿಡದ ಹೆಸರಲ್ಲ. 'ಮರ' ಅಂದ ಹಾಗೆ. ಯಾರಾದರೂ ನಿಮಗೆ 'ಮರದ ಎಣ್ಣೆ' ಅಂತ ಬಾಟಲಿ ಕೊಟ್ಟರೆ ಯಾವ ಮರದ್ದು, ಬೇವಿಂದಾ, ಹೊಂಗೆಯದಾ ಅಂತ ಕೇಳ್ತೀರಿ ಅಲ್ವಾ? ಸೀವೀಡ್ ಬಾಟಲಿಯನ್ನು ಮಾತ್ರ ಯಾರೂ ಹಾಗೆ ಕೇಳುವುದಿಲ್ಲ. ನಮ್ಮ ದೇಶದ ಕರಾವಳಿಯೊಂದರಲ್ಲೇ ಸುಮಾರು 840 ಜಾತಿ ದಾಖಲಾಗಿವೆ. ಹಸಿರು, ಕಂದು, ಕೆಂಪು ಅಂತ ಮೂರು ದೊಡ್ಡ ಗುಂಪು. ಹೆಸರು ಬಣ್ಣದ್ದಾದರೂ ವ್ಯತ್ಯಾಸ ಬಣ್ಣಕ್ಕೇ ಮುಗಿಯುವುದಿಲ್ಲ. ಕಂದು ಪಾಚಿಗೂ ಕೆಂಪು ಪಾಚಿಗೂ ಇರುವ ದೂರದ ಮುಂದೆ ನಿಮ್ಮ ಕಾಫಿಗೂ ಜರೀಗಿಡಕ್ಕೂ ಇರುವ ದೂರ ಏನೂ ಅಲ್ಲ. ಕಂದು ಪಾಚಿಯ ಮೈಯಲ್ಲಿ ಆಲ್ಜಿನೇಟ್ ಅನ್ನುವ ಅಂಟು. ಕೆಂಪಿನ ಕೆಲವದರಲ್ಲಿ ಅಗರ್, ಇನ್ನು ಕೆಲವದರಲ್ಲಿ ಕ್ಯಾರಗೀನನ್. ಹಸಿರಿನಲ್ಲಿ ಇವು ಮೂರೂ ಇಲ್ಲ. ಹಾಗಾಗಿ ಯಾವುದರಿಂದ ತೆಗೆದದ್ದು ಅನ್ನುವುದರ ಮೇಲೆ ಬಾಟಲಿಯ ಗುಣ ನಿಂತಿದೆ.

ತಮಿಳುನಾಡಿನ ಮಂಡಪಂ, ಪಾಂಬನ್ ಕಡೆ ಪಾಚಿ ಕೀಳುವ ಹೆಂಗಸರಿಗೆ ಈ ಭೇದ ಚೆನ್ನಾಗಿ ಗೊತ್ತು. ಅವರ ಬಾಯಲ್ಲಿ ಒಂದೊಂದಕ್ಕೂ ಹೆಸರಿದೆ. ಗಂಜಿ ಮಾಡಲು ಬಳಸುವುದು ಕಂಜಿ ಪಾಸಿ. ಪಕೋಡದ ಹಾಗೆ ಮುದುರಿಕೊಂಡಿರುವುದು ಪಕೋಡ ಪಾಸಿ. ಮರಿಕೊಳುಂದು ಅಂತ ಒಂದಿದೆ, ನಮ್ಮ ದವನದಂಥ ಸಣ್ಣ ಸಣ್ಣ ಎಸಳು, ಒಳ್ಳೆಯ ಅಗರ್ ಬರುವುದು ಅದರಿಂದ. ಕನ್ನಡಕ ಕಟ್ಟಿಕೊಂಡು, ಬೆರಳಿಗೆ ಬಟ್ಟೆ ಸುತ್ತಿ, ಹವಳದ ಕಲ್ಲು ಕುಯ್ಯದಂತೆ ಪಾದಕ್ಕೆ ಲೋಹದ ತಟ್ಟೆ ಕಟ್ಟಿಕೊಂಡು ಮುಳುಗುತ್ತಾರೆ. ಮೊದಲ ಸಲ ಆ ತಟ್ಟೆ ನೋಡಿದಾಗ ನನಗೆ ಏನೆಂದು ಅರ್ಥವೇ ಆಗಿರಲಿಲ್ಲ. ನಾವು ಮೂರು ವರ್ಷ ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿ ಗುರುತಿಸುವುದನ್ನು ಅವರು ನೀರೊಳಗೆ ಕೈಯಲ್ಲಿ ಮುಟ್ಟಿ ಗುರುತಿಸುತ್ತಾರೆ.

ನಮ್ಮ ಕರಾವಳಿಯಲ್ಲಿ ಯಾಕೆ ಅಷ್ಟಿಲ್ಲ? ಇದು ನಿಮ್ಮ ಲೋಡ್ ಪ್ರಶ್ನೆಗೂ ಉತ್ತರ. ದೇಶದಲ್ಲಿ ಕಡಲಪಾಚಿಗೆ ಹೆಸರಾದ ಜಾಗ ಎರಡು. ಒಂದು ಆ ಮಂಡಪಂ ಇರುವ ಮನ್ನಾರ್ ಕೊಲ್ಲಿ, ಇನ್ನೊಂದು ಗುಜರಾತಿನ ಓಖಾ, ದ್ವಾರಕಾ, ವೆರಾವಲ್ ಸಾಲು. ಎರಡು ಕಡೆಯೂ ಅಲುಗಾಡದ ಕಲ್ಲು ಇದೆ, ತಿಳಿನೀರು ಇದೆ. ಪಾಚಿಗೆ ಕಚ್ಚಿಕೊಳ್ಳಲು ಕಲ್ಲು ಬೇಕು, ಊಟ ತಯಾರಿಸಲು ಬೆಳಕು ಬೇಕು. ಕರ್ನಾಟಕದ್ದು ಬಹುಪಾಲು ಮರಳಿನ ದಂಡೆ. ಉಳ್ಳಾಲದ ಸೋಮೇಶ್ವರ, ಕಾಪು, ಗೋಕರ್ಣದ ಓಂ ಬೀಚ್, ಕಾರವಾರದ ಸುತ್ತ, ಸೇಂಟ್ ಮೇರಿ ಮತ್ತು ನೇತ್ರಾಣಿ ದ್ವೀಪ, ಹೀಗೆ ಅಲ್ಲಲ್ಲಿ ಮಾತ್ರ ಬಂಡೆ.

ಬೆಳಕು ಕದಿಯುವುದರಲ್ಲಿ ನಿಮ್ಮ ಊರಿನ ಪಾಲೂ ಇದೆ. ಬಿಸಿಲೆಯ ರಿಡ್ಜ್ ಪಾಯಿಂಟಿಗೆ ನೀವು ಹೋಗಿರುತ್ತೀರಿ. ಅಲ್ಲಿ ಬಿದ್ದ ಮಳೆ ಒಂದು ಮಗ್ಗುಲಿಗೆ ಹರಿದರೆ ಕಾವೇರಿ ಸೇರಿ ಬಂಗಾಳಕೊಲ್ಲಿಗೆ, ಇನ್ನೊಂದು ಮಗ್ಗುಲಿಗೆ ಹರಿದರೆ ಕುಮಾರಧಾರಾ, ನೇತ್ರಾವತಿ ಸೇರಿ ಮಂಗಳೂರಿನ ಸಮುದ್ರಕ್ಕೆ. ನೇತ್ರಾವತಿ ಹುಟ್ಟುವುದೇ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಕಡೆ. ಜೂನ್ ಬಂತೆಂದರೆ ಈ ಹೊಳೆಗಳೆಲ್ಲ ಕೆಂಪು ನೀರು ಹೊತ್ತು ಇಳಿಯುತ್ತವೆ. ದಡದ ಹತ್ತಿರ ಸಮುದ್ರದ ಉಪ್ಪು ಇಳಿದುಹೋಗುತ್ತದೆ, ನೀರು ರಾಡಿಯಾಗುತ್ತದೆ, ಮೇಲಿಂದ ಅಲೆಯ ಹೊಡೆತ. ಬಂಡೆ ಬೋಳಾಗುತ್ತದೆ. ಮಳೆ ನಿಂತು ಅಕ್ಟೋಬರಿನಲ್ಲಿ ನೀರು ತಿಳಿಯಾದ ಮೇಲೆ ಹೊಸ ಚಿಗುರು. ಡಿಸೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಸೊಂಪು. ಏಪ್ರಿಲ್ ಬಿಸಿಲಿಗೆ ಮೇಲಿನ ಸಾಲು ಸುಟ್ಟುಹೋಗುತ್ತದೆ. ಅಂದರೆ ವರ್ಷಕ್ಕೆ ಒಂದೇ ಬೆಳೆ, ಅದೂ ತುಂಡು ತುಂಡು ಬಂಡೆಗಳ ಮೇಲೆ.

ಇದಕ್ಕೆ ಒಂದು ತರಲೆ ಅಪವಾದ ಇದೆ. ಪೋರ್ಫೈರಾ ಅಂತ ತೆಳ್ಳನೆ ಕೆಂಪು ಪಾಚಿ, ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ. ಉಳಿದವೆಲ್ಲ ಬಂಡೆ ಬಿಟ್ಟು ಓಡುವಾಗ ಇದು ಜೋರು ಮಳೆಗಾಲದಲ್ಲೇ ಪಶ್ಚಿಮ ಕರಾವಳಿಯ ಬಂಡೆ ಮೇಲೆ ಕಾಣಿಸಿಕೊಳ್ಳುತ್ತದೆ. ಜಪಾನಿನವರು ಅನ್ನಕ್ಕೆ ಸುತ್ತಿ ತಿನ್ನುವ ನೋರಿ ಇದರ ಅಣ್ಣತಮ್ಮ. ಆಗಸ್ಟಿನಲ್ಲಿ ಅಲೆ ಹೊಡೆಯುವ ಬಂಡೆ ಮೇಲೆ ನಿಂತು ಇದನ್ನು ಕೀಳಲು ಹೋದವರು ನನಗೆ ಗೊತ್ತಿರುವ ಮಟ್ಟಿಗೆ ಸಸ್ಯಶಾಸ್ತ್ರದ ಮೇಷ್ಟರುಗಳು ಮಾತ್ರ. ನಾನೂ ಒಮ್ಮೆ ಹೋಗಿ ಕನ್ನಡಕ ಕಳೆದುಕೊಂಡು ಬಂದೆ.

ಆ ಬಂಡೆಯನ್ನೊಮ್ಮೆ ಇಳಿತದ ಹೊತ್ತಿಗೆ ನೋಡಬೇಕು. ನಮ್ಮ ತೋಟದಲ್ಲಿ ಮೇಲೆ ಸಿಲ್ವರ್, ನಡುವೆ ಹಲಸು, ಕೆಳಗೆ ಕಾಫಿ ಅಂತ ಅಂತಸ್ತು ಇದೆಯಲ್ಲ, ಅಲ್ಲೂ ಹಾಗೇ. ತಲೆಯ ಹತ್ತಿರ, ಬಿಸಿಲು ತಿಂದು ಒಣಗಿದರೂ ಬದುಕುವ ಹಸಿರು ಅಲ್ವಾ ಪಾಚಿ. ಅದಕ್ಕಿಂತ ಕೆಳಗೆ ಬೀಸಣಿಗೆಯಂಥ ಪೆಡೈನಾ. ಅದರ ಮೇಲೆ ಸುಣ್ಣ ಬಳಿದಂತೆ ಬಿಳಿ ಪಟ್ಟಿ. ಅದು ನಿಜವಾಗಿ ಸುಣ್ಣವೇ, ಕಂದು ಗುಂಪಿನಲ್ಲಿ ಹೀಗೆ ಮೈಗೆ ಸುಣ್ಣ ಹಚ್ಚಿಕೊಳ್ಳುವವು ಬಲು ಅಪರೂಪ. ಇನ್ನೂ ಕೆಳಗೆ, ನೀರು ಪೂರ್ತಿ ಬಿಡದ ಕಡೆ, ಸರ್ಗ್ಯಾಸಮ್ ಪೊದೆ. ಅದರ ತುಂಬ ಮೆಣಸಿನ ಕಾಳಿನಷ್ಟು ಗಾಳಿಗುಳ್ಳೆಗಳು. ಪೊದೆ ನೀರಿನಲ್ಲಿ ನೆಟ್ಟಗೆ ನಿಲ್ಲುವುದು ಅವುಗಳ ಬಲದಿಂದ. ಹುಡುಗರು ಅದನ್ನು ಪಟಪಟ ಒಡೆಯುತ್ತಾ ಕೂರುತ್ತಿದ್ದರು. ಸಂದಿಗಳಲ್ಲಿ ಹಿಪ್ನಿಯಾ, ಗ್ರಾಸಿಲೇರಿಯಾದಂಥ ಕೆಂಪು ಪಾಚಿಗಳು.

ಒಂದು ಸರ್ಗ್ಯಾಸಮ್ ಪೊದೆ ಬಕೆಟ್ಟಿನಲ್ಲಿ ಜಾಡಿಸಿದರೆ ಸಣ್ಣ ಸಿಗಡಿ, ಏಡಿ ಮರಿ, ಹುಳ, ಬಸವನಹುಳು ಎಲ್ಲ ಉದುರುತ್ತವೆ. ಮೀನಿನ ಮರಿಗೆ ಅದೇ ಬಾಲವಾಡಿ. ಪಾಚಿ ಮೇಯುವ ಮೀನುಗಳಿವೆ, ಕಡಲಮುಳ್ಳಿ ಮೇಯುತ್ತದೆ, ಹಸಿರು ಕಡಲಾಮೆ ಮೇಯುತ್ತದೆ. ಹಾಗಾಗಿ ಬಂಡೆ ಕೆರೆದು ಲೋಡ್ ಮಾಡಿದರೆ ಬರೀ ಪಾಚಿ ಹೋಗುವುದಿಲ್ಲ. ಇನ್ನೊಂದು ಗುರುತು ಹೇಳುತ್ತೇನೆ. ಬೇರೇನೂ ಇಲ್ಲದೆ ಬರೀ ಅಲ್ವಾ ಮಾತ್ರ ಹಚ್ಚ ಹಸಿರಾಗಿ ತುಂಬಿಕೊಂಡಿರುವ ಜಾಗ ಕಂಡರೆ ಹತ್ತಿರ ಎಲ್ಲೋ ಊರಿನ ಚರಂಡಿ ನೀರು ಸಮುದ್ರ ಸೇರುತ್ತಿದೆ ಅಂತ ಅನುಮಾನ ಪಡಿ. ಸಾರಜನಕ ಜಾಸ್ತಿಯಾದರೆ ಅದು ಹಾಗೆ ಉಬ್ಬುತ್ತದೆ. 2008ರ ಒಲಿಂಪಿಕ್ಸಿನಲ್ಲಿ ಹಾಯಿದೋಣಿ ಸ್ಪರ್ಧೆ ನಡೆಯಬೇಕಿದ್ದ ಚೀನಾದ ಚಿಂಗ್ಡಾವ್ ಸಮುದ್ರಕ್ಕೆ ಹೀಗೆ ಅಲ್ವಾ ಮುತ್ತಿಕೊಂಡು, ಸಾವಿರಾರು ಜನ ಇಳಿದು ಬಾಚಿ ತೆಗೆಯಬೇಕಾಯಿತು.

ಸರಿ, ನಿಮ್ಮ ಬಾಟಲಿಗೆ ಬರೋಣ. ನಮ್ಮ ಅಂಗಡಿಗಳಿಗೆ ಬರುವ ಸೀವೀಡ್ ರಸ ಹೆಚ್ಚಾಗಿ ಮೂರು ಮೂಲದ್ದು. ಮೊದಲನೆಯದು ಆಸ್ಕೋಫಿಲಮ್. ಇದು ನಾರ್ವೆ, ಐರ್ಲೆಂಡ್, ಕೆನಡಾದ ಥಂಡಿ ಸಮುದ್ರದ ಕಂದು ಪಾಚಿ. ನಮ್ಮಲ್ಲಿ ಬೆಳೆಯುವುದೇ ಇಲ್ಲ. ಕ್ಷಾರ ಹಾಕಿ ಬೇಯಿಸಿ ಸಾರ ತೆಗೆಯುತ್ತಾರೆ, ಒಣಗಿಸಿದ ಪುಡಿ ಇಲ್ಲವೇ ಚಕ್ಕೆ ರೂಪದಲ್ಲಿ ಹಡಗು ಹತ್ತಿ ಬರುತ್ತದೆ. ಎರಡನೆಯದು ನಮ್ಮದೇ ಸರ್ಗ್ಯಾಸಮ್. ಮೂರನೆಯದು ಕಪ್ಪಾಫೈಕಸ್. ಇದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು.

ಇದು ಫಿಲಿಪೈನ್ಸ್ ಮೂಲದ ಕೆಂಪು ಪಾಚಿ. ಭಾವನಗರದಲ್ಲಿ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಕೇಂದ್ರ ಸಂಶೋಧನಾ ಸಂಸ್ಥೆ ಅಂತ ಒಂದಿದೆ, 1954ರಲ್ಲಿ ಶುರುವಾದದ್ದು. ಅದರ ವಿಜ್ಞಾನಿಗಳು ಮಂಡಪಂನಲ್ಲಿ ಇದನ್ನು ಬೆಳೆಸಿ ನೋಡಿದರು. 2000ದ ಆಸುಪಾಸಿನಲ್ಲಿ ಪೆಪ್ಸಿಕೋ ಕಂಪನಿ ರಾಮನಾಥಪುರಂ ಜಿಲ್ಲೆಯ ಮಹಿಳಾ ಸಂಘಗಳ ಜೊತೆ ಗುತ್ತಿಗೆ ಬೇಸಾಯ ಶುರು ಮಾಡಿತು. ತಂಪು ಪಾನೀಯದ ಕಂಪನಿ ಸಮುದ್ರದಲ್ಲಿ ಪಾಚಿ ಬೆಳೆಸಿತು ಅಂದರೆ ನನ್ನ ಊರಿನವರು ನಂಬಲಿಲ್ಲ. ಬೆಳೆಸುವ ರೀತಿ ಶುಂಠಿ ಬೆಳೆದವರಿಗೆ ತಟ್ಟನೆ ಹಿಡಿಸುತ್ತದೆ. ಬೀಜ ಇಲ್ಲ. ಬಿತ್ತನೆ ಶುಂಠಿಯ ಹಾಗೆ ತುಂಡನ್ನೇ ಕಟ್ಟುವುದು. ಮೂರು ಮೀಟರ್ ಚೌಕದ ಬಿದಿರಿನ ತೆಪ್ಪ. ಅದಕ್ಕೆ ಹಗ್ಗ, ಹಗ್ಗಕ್ಕೆ ಸುಮಾರು 60 ಕೆಜಿ ತುಂಡುಗಳು. ಮೇಯುವ ಮೀನು ಬರದಂತೆ ಕೆಳಗೆ ಬಲೆ. 45 ದಿನಕ್ಕೆ ನಾಲ್ಕು ಪಟ್ಟಿನ ಆಸುಪಾಸು ತೂಕ. ಮುಂದಿನ ಬಿತ್ತನೆಗೆ 60 ಕೆಜಿ ಎತ್ತಿಟ್ಟು ಉಳಿದದ್ದು ಮಾರಾಟ. ಗೊಬ್ಬರ ಇಲ್ಲ, ನೀರು ಹಾಯಿಸುವ ರಗಳೆ ಇಲ್ಲ. ಬಿರುಗಾಳಿ ಮತ್ತು ರೋಗ ಇದ್ದೇ ಇದೆ. 2013ರ ನಂತರ ಬಿಸಿನೀರಿಗೆ, ರೋಗಕ್ಕೆ ರಾಶಿ ರಾಶಿ ಬೆಳೆ ಸತ್ತು ತುಂಬಾ ಜನ ಕೈಸುಟ್ಟುಕೊಂಡರು.

ಕೊಯ್ದ ಪಾಚಿಯನ್ನು ಹಸಿಯಾಗಿರುವಾಗಲೇ ರುಬ್ಬಿ ಹಿಂಡುತ್ತಾರೆ. ಇಳಿದ ರಸ ನಿಮ್ಮ ಬಾಟಲಿಗೆ. ಉಳಿದ ಚರಟ ಕ್ಯಾರಗೀನನ್ ಕಾರ್ಖಾನೆಗೆ. ಅಲ್ಲಿಂದ ಅದು ಐಸ್‌ಕ್ರೀಮು, ಚಾಕೊಲೇಟ್ ಹಾಲು, ಟೂತ್‌ಪೇಸ್ಟಿಗೆ ಹೋಗುತ್ತದೆ. ಒಂದೇ ಪಾಚಿಯಿಂದ ಎರಡನ್ನೂ ತೆಗೆಯುವ ಈ ಉಪಾಯ ಕಂಡುಹಿಡಿದದ್ದು ಅದೇ ಭಾವನಗರದ ಸಂಸ್ಥೆ. ಹಾಗಾಗಿ ನಿಮ್ಮ ಮಗನ ಮಾತು ಇನ್ನೊಂದು ಅರ್ಥದಲ್ಲೂ ಸರಿ. ಅವನ ಐಸ್‌ಕ್ರೀಮು, ನಿಮ್ಮ ಸ್ಪ್ರೇ ಒಂದೇ ತೆಪ್ಪದಿಂದ ಬಂದಿರಬಹುದು.

ಈ ಬೆಳೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯ. ಹೊರಗಿನಿಂದ ತಂದ ಗಿಡ ಬೇಲಿ ಹಾರಿದರೆ ಏನಾಗುತ್ತದೆ ಅಂತ ಲಂಟಾನ ಕಂಡ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. 2008ರಲ್ಲಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹತ್ತಿರ ಕಪ್ಪಾಫೈಕಸ್ ತೆಪ್ಪ ಬಿಟ್ಟು ಹೋಗಿ ಜೀವಂತ ಹವಳದ ಮೇಲೆ ಹಬ್ಬಿಕೊಂಡದ್ದನ್ನು ವಿಜ್ಞಾನಿಗಳು ವರದಿ ಮಾಡಿದರು. ಆ ಕೊಲ್ಲಿಯ 21 ದ್ವೀಪಗಳು 1986ರಿಂದ ಕಡಲ ರಾಷ್ಟ್ರೀಯ ಉದ್ಯಾನ. ಹವಳದ ಮೇಲೆ ಪಾಚಿ ಹೊದ್ದುಕೊಂಡರೆ ಬೆಳಕಿಲ್ಲದೆ ಹವಳ ಸಾಯುತ್ತದೆ. ಅಲ್ಲಿಂದ ವಾದ ನಡೆಯುತ್ತಲೇ ಇದೆ. ಕೇಂದ್ರ ಸರ್ಕಾರದ 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಪಾಚಿಗೇ 640 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ಬೆಳೆಸಲಿ, ಆದರೆ ನಮ್ಮ ಸಮುದ್ರದ್ದೇ ಆದ ಗ್ರಾಸಿಲೇರಿಯಾ, ಮರಿಕೊಳುಂದಿಗೆ ಆ ದುಡ್ಡಿನ ದೊಡ್ಡ ಪಾಲು ಹೋಗಲಿ ಅನ್ನುವುದು ನನ್ನ ಪಕ್ಷ. ಅವು ನಿಧಾನ, ಲಾಭ ಕಮ್ಮಿ, ಗೊತ್ತು. ಆದರೂ.

ಬಾಟಲಿಯಲ್ಲಿ ಏನಿದೆ? ಮೊದಲು ಏನಿಲ್ಲ ಅಂತ ನೋಡೋಣ. ನೀವು 200 ಲೀಟರ್ ಬ್ಯಾರಲ್‌ಗೆ, ಲೀಟರಿಗೆ 3 ಮಿಲಿಯಂತೆ 600 ಮಿಲಿ ಹಾಕಿದಿರಿ ಅನ್ನಿ. ಅದರಲ್ಲಿ ಶೇಕಡ 1ರಷ್ಟು ಸಾರಜನಕ ಇದೆ ಅಂತಲೇ ಇಟ್ಟುಕೊಳ್ಳಿ. ಇಡೀ ಬ್ಯಾರಲ್ಲಿಗೆ 6 ಗ್ರಾಂ ಆಯಿತು. 13 ಗ್ರಾಂ ಯೂರಿಯಾದಲ್ಲಿ ಅಷ್ಟು ಸಾರಜನಕ ಇರುತ್ತದೆ. ಒಂದು ಮುಷ್ಟಿ ಕೂಡ ಆಗಲಿಲ್ಲ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ 20 ಕೆಜಿಗಿಂತ ಜಾಸ್ತಿ ಸಾರಜನಕ ಇದೆ. 'ಸೀವೀಡ್ ಹೊಡೆದಿದ್ದೀನಿ, ಈ ಸಲ ಗೊಬ್ಬರ ಕಮ್ಮಿ ಮಾಡಿದೆ' ಅನ್ನುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು. ಕಪ್ಪಾಫೈಕಸ್ ರಸದಲ್ಲಿ ಪೊಟ್ಯಾಷ್ ಚೆನ್ನಾಗಿಯೇ ಇದೆ. ಆದರೆ ಅದನ್ನೂ ನೀವು ಇಷ್ಟೇ ತೆಳ್ಳಗೆ ಮಾಡಿ ಹೊಡೆಯುವುದು.

ಹಾಗಾದರೆ ಕೆಲಸ ಮಾಡುವುದು ಏನು? ಪಾಚಿಯ ರಸದಲ್ಲಿ ಗಿಡದ ಬೆಳವಣಿಗೆಯನ್ನು ಹಿಡಿದು ನಡೆಸುವ ಹಾರ್ಮೋನುಗಳಿವೆ. ಬೇರು ಒಡೆಸುವ ಆಕ್ಸಿನ್, ಎಲೆ ಬೇಗ ಮುದಿಯಾಗದಂತೆ ನೋಡುವ ಸೈಟೋಕೈನಿನ್. ಇವು ಕೆಲಸ ಮಾಡುವುದಕ್ಕೆ ಚಿಟಿಕೆ ಸಾಕು. ಇಳಿತದಲ್ಲಿ ಒಣಗಿ, ಉಬ್ಬರದಲ್ಲಿ ನೆನೆದು, ಬಿಸಿಲು ಉಪ್ಪು ಎರಡನ್ನೂ ತಡೆದುಕೊಂಡು ಬದುಕುವ ಜೀವ ಅದು. ಆ ಒತ್ತಡ ತಡೆಯಲು ಮೈಯಲ್ಲಿ ಕೂಡಿಟ್ಟುಕೊಂಡ ಬೀಟೇನ್, ಮ್ಯಾನಿಟಾಲ್‌ನಂಥ ವಸ್ತುಗಳೂ ರಸದಲ್ಲಿ ಬರುತ್ತವೆ. ಎಳೆ ಸಸಿ, ಬರ ತಟ್ಟಿದ ಗಿಡ, ನಾಟಿ ಮಾಡಿ ಸೊರಗಿದ ಗಿಡ ಇವುಗಳಿಗೆ ಇದರಿಂದ ಅನುಕೂಲ ಕಂಡ ಪ್ರಯೋಗಗಳು ಬೇಕಾದಷ್ಟಿವೆ. ಸರ್ಕಾರವೂ ಇದನ್ನು ಗೊಬ್ಬರ ಅಂತ ಕರೆಯುವುದಿಲ್ಲ. 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಬಯೋಸ್ಟಿಮ್ಯುಲೆಂಟ್ ಅನ್ನುವ ಬೇರೆ ಗುಂಪೇ ಮಾಡಿ, ಸೀವೀಡ್ ರಸವನ್ನು ಅದರೊಳಗೆ ಸೇರಿಸಿದರು. ನಮ್ಮ ಭಾಷೆಯಲ್ಲಿ ಟಾನಿಕ್ಕು. ಊಟ ಮಾಡುವವನಿಗೆ ಟಾನಿಕ್ಕು ಹಿಡಿಯುತ್ತದೆ. ಉಪವಾಸ ಇರುವವನಿಗೆ ಟಾನಿಕ್ಕು ಕೊಟ್ಟರೆ ಏನು ಬಂತು?

ಕಾಯಿ ಉದುರುವ ಮಾತು. ಜುಲೈ, ಆಗಸ್ಟಿನಲ್ಲಿ ರೋಬಸ್ಟಾ ಕಾಯಿ ಉದುರುವುದಕ್ಕೆ ಬೇರಿನ ಹತ್ತಿರ ನೀರು ನಿಲ್ಲುವುದು, ನೆರಳು ಜಾಸ್ತಿಯಾಗಿ ಗಾಳಿಯಾಡದಿರುವುದು, ತೊಟ್ಟು ಕೊಳೆಯುವುದು, ಪೋಷಕಾಂಶ ಸಾಲದಿರುವುದು ಹೀಗೆ ನಾನಾ ಕಾರಣ. ಮರಗಸಿ ಮಾಡದೆ (ನೆರಳಿನ ಮರದ ಕೊಂಬೆ ಕಡಿಯದೆ), ಬಸಿಗಾಲುವೆ ಬಿಡಿಸದೆ ಸೀವೀಡ್ ಹೊಡೆದರೆ ಅದು ಸಮುದ್ರದಿಂದ ಬಂದ ಹಾಗೇ ಹಳ್ಳ ಹಿಡಿದು ಸಮುದ್ರಕ್ಕೇ ವಾಪಸ್ ಹೋಗುತ್ತದೆ.

ನನ್ನ ಸಣ್ಣ ತೋಟದಲ್ಲಿ ನಾನು ಬಳಸುವುದು ನರ್ಸರಿ ಸಸಿಗೆ, ಹೊಸದಾಗಿ ನೆಟ್ಟ ಗಿಡಕ್ಕೆ ಮತ್ತು ಹೂಮಳೆ ಕೈಕೊಟ್ಟ ವರ್ಷ ಬಳಲಿದ ಗಿಡಕ್ಕೆ. ಇಡೀ ತೋಟಕ್ಕೆ ಹೊಡೆಯುವುದಿಲ್ಲ. ಒಂದು ವರ್ಷ ಹೊಡೆದು ಕೆಟ್ಟೆ. ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಕ್ಯಾನ್ ತಂದಿದ್ದೆ. ಲೇಬಲ್ಲಿನಲ್ಲಿ ಅಲೆಯ ಚಿತ್ರ ಬಿಟ್ಟರೆ ಯಾವ ಪಾಚಿ ಅಂತ ಒಂದಕ್ಷರ ಇರಲಿಲ್ಲ. ತಳದಲ್ಲಿ ಮಡ್ಡಿ, ಮೂಗಿಗೆ ಹಿಡಿದರೆ ಕಾಕಂಬಿಯ ವಾಸನೆ. ನಾಜಲ್ ಕಟ್ಟಿಕೊಂಡು ಆಳಿನ ಅರ್ಧ ದಿನ ಹೋಯಿತು. ಗಿಡಕ್ಕೆ ಏನಾಯಿತು ಅಂತ ಕೇಳಬೇಡಿ, ಹೊಡೆಯದ ಸಾಲು ಒಂದೂ ಬಿಟ್ಟಿರಲಿಲ್ಲವಾದ್ದರಿಂದ ಹೇಳುವುದಕ್ಕೂ ಆಗಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ಪ್ರಯೋಗ ಮಾಡುವುದು ಹೇಗೆ ಅಂತ ಪಾಠ ಮಾಡಿದವನು ನಾನು!

ಆದ್ದರಿಂದ ನೀವು ಹೀಗೆ ಮಾಡಿ. ಒಂದೇ ಮಟ್ಟದ, ಒಂದೇ ವಯಸ್ಸಿನ ನಾಲ್ಕು ಸಾಲು ಆರಿಸಿ. ಸಾಲು ಬಿಟ್ಟು ಸಾಲಿಗೆ ಹೊಡೆಯಿರಿ, ಉಳಿದೆರಡಕ್ಕೆ ಬರೀ ನೀರು. ಬರೀ ನೀರು ಯಾಕೆಂದರೆ ಬೇಸಿಗೆಯಲ್ಲಿ ಎಲೆ ತೊಳೆದರೂ ಗಿಡ ಖುಷಿಯಾಗಿ ಕಾಣುತ್ತದೆ. ಗೊಬ್ಬರ, ಮರಗಸಿ ಎಲ್ಲ ನಾಲ್ಕಕ್ಕೂ ಒಂದೇ ಇರಲಿ. ಸಾಲಿಗೆ ಹತ್ತು ಗಿಡದಂತೆ ಒಂದೊಂದು ರೆಕ್ಕೆಗೆ (ಅಡ್ಡಕೊಂಬೆಗೆ) ಬಣ್ಣದ ದಾರ ಕಟ್ಟಿ, ಮಳೆ ಹಿಡಿಯುವ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಕಾಯಿ ಎಣಿಸಿ. ಕೊಯ್ಲಿನಲ್ಲಿ ಸಾಲಿನ ಹಣ್ಣು ಬೇರೆ ಬೇರೆ ತೂಗಿ. ಎಣಿಸುವ ಕೆಲಸ ಮಗನಿಗೆ ಕೊಡಿ. ನೀವೇ ಎಣಿಸಿದರೆ ದುಡ್ಡು ಕೊಟ್ಟು ತಂದ ಸಾಲಿನಲ್ಲಿ ಎರಡು ಕಾಯಿ ಜಾಸ್ತಿ ಕಾಣುತ್ತದೆ. ವ್ಯತ್ಯಾಸ ಬಂದರೆ ಆ ವ್ಯತ್ಯಾಸಕ್ಕೆ ಬೆಲೆ ಕಟ್ಟಿ, ಬಾಟಲಿ ಮತ್ತು ಆಳಿನ ಖರ್ಚು ಕಳೆಯಿರಿ.

ಕೊಳ್ಳುವಾಗ ಲೇಬಲ್ಲಿನಲ್ಲಿ ಪಾಚಿಯ ಹೆಸರು ನೋಡಿ, ಸಾರ ಶೇಕಡ ಎಷ್ಟು ಅಂತ ನೋಡಿ, ಬಯೋಸ್ಟಿಮ್ಯುಲೆಂಟ್ ಅನ್ನುವ ಮಾತಿದೆಯಾ ನೋಡಿ, ತಯಾರಾದ ತಾರೀಕು ನೋಡಿ. ಬಿಲ್ ಕೇಳಿ ಪಡೆಯಿರಿ. ಎಲ್ಲ ರೋಗಕ್ಕೂ ಆಗುತ್ತೆ ಅಂತ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಬ್ಯಾರಲ್ಲಿಗೆ ಇದನ್ನು ಸುರಿಯಬೇಡಿ, ಬೋರ್ಡೋ ಜೊತೆ ಏನನ್ನೂ ಬೆರೆಸಬಾರದು ಅನ್ನುವುದು ಹಳೆಯ ನಿಯಮ. ಎರಡರ ನಡುವೆ ಒಂದೆರಡು ವಾರ ಬಿಡಿ. ಮೆಣಸಿನ ಸೊರಗು ರೋಗಕ್ಕೆ ಸೀವೀಡ್ ಮದ್ದಲ್ಲ, ಶುಂಠಿ ಕೊಳೆಗೂ ಅಲ್ಲ. ಏನಾದರೂ ಅನುಮಾನ ಬಂದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇದೆಯಲ್ಲ. 1925ರಿಂದ ಅವರು ನಮ್ಮ ಗಿಡಗಳನ್ನೇ ನೋಡಿಕೊಂಡು ಬಂದಿದ್ದಾರೆ. ಅವರಲ್ಲಿ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸುಣ್ಣ ಬೇಕಾದ ಮಣ್ಣಿಗೆ ಸೀವೀಡ್ ಹೊಡೆದರೆ ಪ್ರಯೋಜನ ಇಲ್ಲ.

ಲೋಡ್ ಯಾಕೆ ಬೇಡ ಅಂದೆ? ಹಸಿ ಪಾಚಿಯಲ್ಲಿ ನೂರಕ್ಕೆ 80ರಿಂದ 90 ಪಾಲು ನೀರು. ಹತ್ತು ಟನ್ ತುಂಬಿಸಿ ಶಿರಾಡಿ ಹತ್ತಿಸಿದರೆ ಒಂದೆರಡು ಟನ್ ಒಣ ಮಾಲು. ಉಳಿದದ್ದಕ್ಕೆಲ್ಲ ನೀವು ಉಪ್ಪುನೀರಿಗೆ ಡೀಸೆಲ್ ಸುಟ್ಟಂತೆ. ದಾರಿಯಲ್ಲೇ ಕೊಳೆಯಲು ಶುರುವಾಗುತ್ತದೆ, ಲಾರಿಯವರು ಇನ್ನೊಮ್ಮೆ ನಿಮ್ಮ ಫೋನ್ ಎತ್ತುವುದಿಲ್ಲ. ತಮಿಳುನಾಡು, ಕೇರಳದ ಕರಾವಳಿಯಲ್ಲಿ ದಡಕ್ಕೆ ಬಂದು ಬಿದ್ದ ಪಾಚಿಯನ್ನು ತೆಂಗಿನ ಬುಡಕ್ಕೆ ಹಾಕುವ ರೂಢಿ ಇದೆ. ತೆಂಗು ಉಪ್ಪು ತಡೆಯುತ್ತದೆ, ಅಲ್ಲಿನ ಮರಳು ಮಣ್ಣಿನಲ್ಲಿ ಒಂದು ಮಳೆಗೆ ಉಪ್ಪು ತೊಳೆದು ಹೋಗುತ್ತದೆ. ಶುಂಠಿಯೋ ಎಳೆ ಕಾಫಿಯೋ ಹಾಗೆ ತಡೆಯುವುದಿಲ್ಲ. ಲೀಟರಿಗೆ 3 ಮಿಲಿ ಹೊಡೆಯುವ ಸ್ಪ್ರೇಯಿಂದ ಮಣ್ಣಿಗೆ ಉಪ್ಪಾಗುವ ಭಯ ಬೇಡ, ಅದೂ ನಿಮ್ಮಷ್ಟು ಮಳೆ ಬೀಳುವ ಊರಿನಲ್ಲಿ. ಭಯ ಇರುವುದು ತೊಳೆಯದ ಹಸಿ ಪಾಚಿ ರಾಶಿ ಹಾಕಿದರೆ ಮಾತ್ರ.

ಮನೆಯ ವಿಷಯಕ್ಕೆ ಬಂದರೆ ನೀವು ಪಾಚಿ ತಿನ್ನಲು ಶುರು ಮಾಡಿ ಎಷ್ಟೋ ವರ್ಷ ಆಗಿದೆ. ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತಲ್ಲ, ಅದೇ ಅಗರ್. ಹುಲ್ಲೂ ಅಲ್ಲ, ಕೆಂಪು ಪಾಚಿಯ ಅಂಟು. ಸುಮಾರು 85 ಡಿಗ್ರಿಗೆ ಕರಗಿ, 40ಕ್ಕಿಂತ ಕೆಳಗೆ ಬಂದಾಗ ಗಟ್ಟಿಯಾಗುತ್ತದೆ. ಅದಕ್ಕೇ ಬೇಸಿಗೆಯಲ್ಲೂ ಆ ಪುಡಿಂಗ್ ತಟ್ಟೆಯಲ್ಲಿ ಕರಗುವುದಿಲ್ಲ. 1881ರ ಸುಮಾರಿಗೆ ಜರ್ಮನಿಯ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ಅದು ಸೆಕೆಗೆ ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ, ತಾನು ಅಡುಗೆಗೆ ಹಾಕುವ ಅಗರ್ ಹಾಕಿ ನೋಡಿ ಅಂದರು. ಇವತ್ತಿಗೂ ರಕ್ತ, ಮೂತ್ರದ ಕಲ್ಚರ್ ಪರೀಕ್ಷೆಗೆ, ಟಿಶ್ಯೂ ಕಲ್ಚರ್ ಬಾಳೆ ಸಸಿಗೆ ಅದೇ ಅಗರ್. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವಾಗ ಬಾಯಿಗೆ ತುಂಬುವ ಪೇಸ್ಟು ಕಂದು ಪಾಚಿಯ ಆಲ್ಜಿನೇಟ್. ಬಟ್ಟೆಗೆ ಬಣ್ಣ ಅಚ್ಚು ಹಾಕುವವರಿಗೂ ಅದು ಬೇಕು.

ನಿಮ್ಮ ಮಗನಿಗೆ ಒಂದು ಕೆಲಸ ಹೇಳಿ. ಐಸ್‌ಕ್ರೀಮ್ ಕಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿ ನಂಬರ್‌ಗಳಿರುತ್ತವೆ. 407 ಇದ್ದರೆ ಕ್ಯಾರಗೀನನ್, 406 ಅಗರ್, 401 ಆಲ್ಜಿನೇಟ್. ಎಲ್ಲ ಕಪ್ಪಿನಲ್ಲೂ ಇರುವುದಿಲ್ಲ, ಹುಡುಕಬೇಕು. ಹುಡುಕುವ ನೆಪದಲ್ಲಿ ಅವನು ನಾಲ್ಕು ಐಸ್‌ಕ್ರೀಮ್ ತಿಂದರೆ ನನ್ನನ್ನು ಬೈಯಬೇಡಿ.

ಅವನನ್ನು ಕರೆದುಕೊಂಡು ಹೋಗಿ ತೋರಿಸುವುದಾದರೆ ಡಿಸೆಂಬರ್ ಇಲ್ಲವೇ ಜನವರಿ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು. ಆಗ ಇಳಿತದಲ್ಲಿ ನೀರು ತುಂಬಾ ಕೆಳಗೆ ಹೋಗುತ್ತದೆ. ಉಳ್ಳಾಲದ ಸೋಮೇಶ್ವರ ನಿಮಗೆ ಹತ್ತಿರ. ಇಳಿತದ ಸಮಯ ಮೊದಲೇ ಕೇಳಿಕೊಂಡು, ಅದಕ್ಕೆ ಒಂದು ಗಂಟೆ ಮುಂಚೆ ಅಲ್ಲಿರಿ. ನೀರು ತಿರುಗಿ ಏರಲು ಶುರುವಾದ ಕೂಡಲೇ ದಡಕ್ಕೆ ಬನ್ನಿ, ಅಲೆಗೆ ಬೆನ್ನು ಹಾಕಿ ನಿಲ್ಲಬೇಡಿ. ಮಾದರಿ ಬೇಕಾದರೆ ಬುಡ ಬಿಟ್ಟು ಮೇಲಿನಿಂದ ಒಂದು ತುದಿ ಚಿವುಟಿ, ಹಿಡಿಕೆ ಉಳಿದರೆ ಅದು ಮತ್ತೆ ಚಿಗುರುತ್ತದೆ. ದಪ್ಪ ಕಾಗದದ ಮೇಲೆ ನೀರಿನಲ್ಲೇ ಹರಡಿ ಎತ್ತಿ, ಮೇಲೆ ಹಳೆಯ ಕಾಟನ್ ಬಟ್ಟೆ, ಅದರ ಮೇಲೆ ನ್ಯೂಸ್ ಪೇಪರ್, ಪುಸ್ತಕದ ಭಾರ ಹೇರಿ. ಅದರ ಅಂಟಿಗೆ ಅದೇ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ಗೋಂದು ಬೇಡ. ಹವಾಯಿ ಚಪ್ಪಲಿಯಲ್ಲಿ ಮಾತ್ರ ಬಂಡೆ ಹತ್ತಿಸಬೇಡಿ. ನಿಮ್ಮ ಕಣಕ್ಕಿಂತ ಜಾಸ್ತಿ ಜಾರುತ್ತದೆ.